ಸ್ವಲೀನ ಮಕ್ಕಳೂ ಮಿದುಳಿನ ಅಲೆಗಳ ಪರೀಕ್ಷೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ಅಜ್ಜಿಯರೂ ಆಗಿದ್ದಾರೆ. ಅವರು ಶಾಲೆಗೆ ಬಂದಾಗಲೂ ಕಾಗದ ಬರೆದಾಗಲೂ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಈ ಕೆಲವು ವರ್ಷಗಳಿಂದ ಹೆಚ್ಚಾಗಿ ಬರುತ್ತಲಿದೆ. ಮಗುವಿಗೆ ಸ್ವಲೀನತೆ, ಅಂದರೆ ವೈದ್ಯರು ಆಟಿಸಂ ಎಂದು ಕರೆಯುವ ಸ್ಥಿತಿ ಇದೆಯೆಂದು ಗೊತ್ತಾಗಿದೆ. ಇಂಥ ಮಕ್ಕಳಿಗೆ ಮುಂದೆ ಮೂರ್ಛೆರೋಗ ಬರುವ ಸಂಭವ ಹೆಚ್ಚೆಂದು ಯಾರೋ ಹೇಳಿದ್ದಾರೆ. ತಲೆಗೆ ತಂತಿಗಳನ್ನು ಹಚ್ಚಿ ಮಿದುಳಿನ ಅಲೆಗಳನ್ನು ಬರೆದುಕೊಳ್ಳುವ ಪರೀಕ್ಷೆಯನ್ನು ಈಗಲೇ ಮಾಡಿಸಿದರೆ ಆ ರೋಗವು ಬರುವದೋ ಇಲ್ಲವೋ ಎಂಬದನ್ನು ಮುಂದಾಗಿಯೇ ತಿಳಿಯಬಹುದೇ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವದಕ್ಕಾಗದು. ನಾವು ವೈದ್ಯರಲ್ಲ, ಉಪಾಧ್ಯಾಯಿನಿಯರು. ಆದರೆ ವೈದ್ಯರ ಮಾತನ್ನು ಮನೆಯವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುವದು ಹಿಂದಿನಿಂದಲೂ ನಮ್ಮ ಪಾಲಿಗೆ ಬಂದ ಕೆಲಸ. ಮೇಲಾಗಿ ಈ ಪರೀಕ್ಷೆಯ ಮೇಲೆ ಅತಿಯಾದ ಭರವಸೆಯನ್ನಿಟ್ಟು ಸಾಲ ಮಾಡಿ ಊರೂರು ಅಲೆಯುವವರನ್ನೂ, ಅದರ ಹೆಸರು ಕೇಳಿದೊಡನೆ ಹೆದರಿ ನಿಜವಾಗಿ ಬೇಕಾದಾಗಲೂ ಮಾಡಿಸದೆ ಬಿಡುವವರನ್ನೂ ನಾವು ಕಂಡಿದ್ದೇವೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಮಿದುಳು ತನ್ನ ಕೆಲಸವನ್ನೆಲ್ಲ ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ನಡಿಸುತ್ತದೆ. ಇದನ್ನು ೧೮೭೫ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬ ವೈದ್ಯರು ಮೊಲಗಳ ಮತ್ತು ಮಂಗಗಳ ಮಿದುಳಿನಲ್ಲಿ ಕಂಡುಹಿಡಿದರು. ಮನುಷ್ಯನ ತಲೆಯಿಂದ ಆ ಅಲೆಗಳನ್ನು ಮೊದಲು ಬರೆದುಕೊಂಡವರು ಜರ್ಮನಿಯ ಯೇನಾ ಪಟ್ಟಣದ ಹಾನ್ಸ್ ಬರ್ಗರ್. ಅವರು ತರುಣರಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಬದುಕಿಕೊಂಡರು. ಅದೇ ದಿನ ದೂರದ ಊರಲ್ಲಿದ್ದ ಅವರ ಅಕ್ಕನಿಗೆ ಕಾರಣವಿಲ್ಲದೆ ಕಳವಳವಾಗಿ ಮನೆಯಿಂದ ತಂತಿ ಬಂತಂತೆ. ಮನಸ್ಸಿನಿಂದ ಮನಸ್ಸಿಗೆ ಏನಾದರೂ ಹರಿಯುವದೋ ಎಂದು ಹುಡುಕುವದಕ್ಕೆ ಹೊರಟ ಅವರಿಗೆ ಆ ಹರಿವು ಸಿಕ್ಕಲಿಲ್ಲ, ಬೇರೊಂದು ಸಿಕ್ಕಿತು. ೧೯೨೪ರಲ್ಲಿ ಕಂಡದ್ದನ್ನು ಅವರು ಐದು ವರ್ಷ ತಮ್ಮಲ್ಲಿಯೇ ಇಟ್ಟುಕೊಂಡು, ಪುನಃ ಪುನಃ ಪರೀಕ್ಷಿಸಿ, ೧೯೨೯ರಲ್ಲಿ ಪ್ರಕಟಿಸಿದರು. ಆಗಲೂ ಬಹುಮಂದಿ ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬವರು ಅದು ನಿಜವೆಂದು ತೋರಿಸಿದ ಮೇಲೆಯೇ ಲೋಕವು ಒಪ್ಪಿತು. ಮರುವರ್ಷ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬ ಮೂವರು, ಕ್ಷಣಹೊತ್ತು ಎಚ್ಚರ ತಪ್ಪಿ ನೆಟ್ಟದೃಷ್ಟಿಯಿಂದ ನಿಂತುಬಿಡುವ ಮಕ್ಕಳ ಮಿದುಳಿನಲ್ಲಿ ಒಂದು ಸೆಕೆಂಡಿಗೆ ಮೂರರಂತೆ ಮೊನೆಯೂ ಅಲೆಯೂ ಜೋಡಿಯಾಗಿ ಏಳುವದನ್ನು ಕಂಡರು. ಅಂದಿನಿಂದ ಮೂರ್ಛೆರೋಗದ ವೈದ್ಯರಿಗೆ ಈ ಪರೀಕ್ಷೆಯು ಬಿಡಲಾರದ ಸಾಧನವಾಯಿತು. ಇದನ್ನೇ ಇಂದು ಇ.ಇ.ಜಿ. ಎಂದು ಕರೆಯುವದು.

ಮೂರ್ಛೆ ಎಂದರೆ ಈ ವಿದ್ಯುತ್ತು ಮಿದುಳಿನ ಒಂದು ಭಾಗದಲ್ಲಾಗಲಿ ಎಲ್ಲ ಕಡೆಯಲ್ಲಾಗಲಿ ಒಮ್ಮೆಲೇ ಕ್ರಮ ತಪ್ಪಿ ಹೊಮ್ಮುವದು. ಜ್ವರವೇ ಮೊದಲಾದ ಹೊರಗಿನ ಕಾರಣವಿಲ್ಲದೆ ಅದು ಮೇಲಿಂದ ಮೇಲೆ ಬರುತ್ತಿದ್ದರೆ ಮೂರ್ಛೆರೋಗ ಅಥವಾ ಅಪಸ್ಮಾರವೆನ್ನುತ್ತಾರೆ. ಕೈಕಾಲು ಸೆಳೆದು ನೊರೆ ಬರುವದೊಂದೇ ಅದರ ರೂಪವಲ್ಲ. ಕಣ್ಣು ಮಿಟುಕಿಸುತ್ತ ಹತ್ತು ಸೆಕೆಂಡು ಸುಮ್ಮನಾಗುವದೂ ಅದೇ ಆಗಿರಬಹುದು.

ಇನ್ನು ಸ್ವಲೀನತೆ. ಇದನ್ನು ೧೯೪೩ರಲ್ಲಿ ಅಮೇರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ನೋಡಿ ವಿವರಿಸಿದರು; ಅವರಲ್ಲಿ ಎಂಟು ಹುಡುಗರು, ಮೂರು ಹುಡುಗಿಯರು. ಜನರೊಡನೆ ಬೆರೆಯುವದಕ್ಕೂ ಮಾತಿನಿಂದ ಮನಸ್ಸನ್ನು ತಿಳಿಸುವದಕ್ಕೂ ಕಷ್ಟಪಡುವದು, ಒಂದೇ ಆಟವನ್ನೂ ಒಂದೇ ಕ್ರಮವನ್ನೂ ಬಿಡದೆ ಹಿಡಿಯುವದು, ಇವು ಅದರ ಮುಖ್ಯ ಲಕ್ಷಣಗಳು. ಇದಾದ ಮೇಲೆ ಹಲವು ವರ್ಷ ಒಂದು ದೊಡ್ಡ ಅನ್ಯಾಯ ನಡೆಯಿತು. ತಾಯಿಯ ಹೃದಯದಲ್ಲಿ ಬೆಚ್ಚಗಿನ ಪ್ರೀತಿಯಿಲ್ಲದ್ದರಿಂದ ಮಗುವು ಹೀಗಾಯಿತೆಂದು ಪಂಡಿತರೇ ಬರೆದರು; ಚಿಕಾಗೋದ ಬ್ರೂನೋ ಬೆಟಲ್‌ಹೈಮ್ ೧೯೬೭ರಲ್ಲಿಯೂ ಅದನ್ನೇ ಸಾಧಿಸುತ್ತ ಗ್ರಂಥ ಬರೆದರು. ಎಷ್ಟು ತಾಯಂದಿರು ಆ ಮಾತನ್ನು ನುಂಗಿಕೊಂಡು ಬದುಕಿದರೋ! ಅಷ್ಟರಲ್ಲಿ ಆ ಮಕ್ಕಳು ದೊಡ್ಡವರಾಗುತ್ತ ಬಂದರು, ಅವರಲ್ಲಿ ಕೆಲವರಿಗೆ ಮೂರ್ಛೆ ಬರತೊಡಗಿತು. ಪ್ರೀತಿ ಕಡಿಮೆಯಾದದ್ದರಿಂದ ಯಾರಿಗೂ ಅಪಸ್ಮಾರ ಬರುವದಿಲ್ಲ. ಸ್ವಲೀನತೆಯ ಬೇರು ಮಿದುಳಿನ ಬೆಳವಣಿಗೆಯಲ್ಲಿಯೇ ಇದೆಯೆಂಬದಕ್ಕೆ ಸಿಕ್ಕಿದ ಬಲವಾದ ಸಾಕ್ಷಿಗಳಲ್ಲಿ ಇದೂ ಒಂದಾಯಿತು. ತಾಯಂದಿರ ಮೇಲಿನ ಅಪವಾದವನ್ನು ಕಳೆಯುವದಕ್ಕೆ ಮೂರ್ಛೆರೋಗವು ಸಾಕ್ಷಿ ಹೇಳಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ಸಾಮಾನ್ಯ ಜನರಲ್ಲಿ ಮೂರ್ಛೆರೋಗವಿರುವವರು ನೂರಕ್ಕೆ ಒಬ್ಬರೂ ಆಗಲಿಕ್ಕಿಲ್ಲ. ಸ್ವಲೀನರಲ್ಲಿ ಈ ಸಂಖ್ಯೆ ಬಹಳ ಹೆಚ್ಚು. ೨೦೦೮ರಲ್ಲಿ ಹಿಂದಿನ ಅನೇಕ ಸಮೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಿರುವ ಸ್ವಲೀನರಲ್ಲಿ ನೂರಕ್ಕೆ ಸುಮಾರು ೨೧, ಬುದ್ಧಿಯು ಸರಿಯಾಗಿರುವವರಲ್ಲಿ ನೂರಕ್ಕೆ ೮ ಎಂದು ಕಂಡುಬಂತು. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚೆಂದೂ ಅದೇ ಲೆಕ್ಕ ತಿಳಿಸಿತು. ಸ್ವಲೀನತೆಯೇ ಹುಡುಗಿಯರಲ್ಲಿ ಕಡಿಮೆ; ಆದರೆ ಅದು ಬಂದ ಹುಡುಗಿಯರಲ್ಲಿ ಮೂರ್ಛೆಯ ಪಾಲು ದೊಡ್ಡದು. ಕನ್ಯಾಶಾಲೆಯವರಾದ ನಾವು ಈ ಮಾತನ್ನು ಮರೆಯತಕ್ಕದ್ದಲ್ಲ.

ವಯಸ್ಸಿನ ವಿಷಯವೂ ನಮಗೆ ಸಂಬಂಧಪಟ್ಟದ್ದೇ. ಐದು ವರ್ಷದೊಳಗೆ ಒಮ್ಮೆ, ಮೈನೆರೆಯುವ ವಯಸ್ಸಿನಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಾಲಗಳಲ್ಲಿ ಮೂರ್ಛೆ ಮೊದಲಾಗುವದು ಹೆಚ್ಚು. ೨೦೧೧ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೧೫೦ ಮಂದಿ ಸ್ವಲೀನರನ್ನು ಅವರು ಪ್ರಾಯಸ್ಥರಾಗುವ ತನಕ ಹಿಂಬಾಲಿಸಿ ನೋಡಲಾಗಿತ್ತು. ಅವರಲ್ಲಿ ನೂರಕ್ಕೆ ೨೨ ಮಂದಿಗೆ ಮೂರ್ಛೆರೋಗ ಬಂದಿತ್ತು, ಬಹುಪಾಲಿನವರಿಗೆ ಹತ್ತು ವರ್ಷ ತುಂಬಿದ ಮೇಲೆ. ಚಿಕ್ಕಂದಿನಲ್ಲಿ ಬರಲಿಲ್ಲ, ಇನ್ನು ಭಯವಿಲ್ಲ ಎಂದು ಮನೆಯವರು ನಿಶ್ಚಿಂತರಾಗಿರುವ ಹೊತ್ತಿನಲ್ಲಿಯೇ, ಹುಡುಗಿಯು ಹೈಸ್ಕೂಲಿನ ಬೆಂಚಿನ ಮೇಲೆ ಕುಳಿತಿರುವಾಗ, ಅದು ಮೊದಲು ತೋರಬಹುದು.

ಹಾಗಾದರೆ ಇ.ಇ.ಜಿ. ಮಾಡಿಸಿ ಮೊದಲೇ ತಿಳಿದುಕೊಳ್ಳಬಾರದೇ ಎಂಬದು ಸಹಜವಾದ ಪ್ರಶ್ನೆ. ಇಲ್ಲಿಯೇ ತೊಡಕು ಇರುವದು. ಅಮೇರಿಕದಲ್ಲಿ ಮೈಕೆಲ್ ಚೆಜ್ ಎಂಬ ವೈದ್ಯರೂ ಅವರ ಜೊತೆಗಾರರೂ ೮೮೯ ಮಂದಿ ಸ್ವಲೀನರಿಗೆ ಇಪ್ಪತ್ತನಾಲ್ಕು ತಾಸಿನ ಪರೀಕ್ಷೆ ನಡಿಸಿ ೨೦೦೬ರಲ್ಲಿ ಫಲವನ್ನು ತಿಳಿಸಿದರು. ನೂರಕ್ಕೆ ಅರುವತ್ತರಷ್ಟು ಮಂದಿಗೆ ನಿದ್ರೆಯಲ್ಲಿ ಮೂರ್ಛೆಯನ್ನು ಹೋಲುವ ಮೊನೆಗಳು ಕಂಡವು. ಇದನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ. ರೋಗವು ಬರುವವರಿಗಿಂತ ಕಾಗದದ ಮೇಲೆ ಮೊನೆ ಕಾಣುವವರು ಎಷ್ಟೋ ಹೆಚ್ಚು! ಬೇರೆ ಬೇರೆ ಸಮೀಕ್ಷೆಗಳಲ್ಲಿ ಈ ಪಾಲು ಒಂದೇ ಆಗಿಲ್ಲ. ಎಷ್ಟು ಹೊತ್ತು ಬರೆದುಕೊಂಡರು, ಮಗು ಮಲಗಿತ್ತೇ ಎಚ್ಚತ್ತಿತ್ತೇ ಎಂಬದರ ಮೇಲೆ ಸಂಖ್ಯೆಯು ಬದಲಾಗುತ್ತದೆ.

ಆರೋಗ್ಯವಂತ ಮಕ್ಕಳಲ್ಲಿಯೂ ಈ ಮೊನೆಗಳಿಲ್ಲದೆ ಇಲ್ಲ. ಇಟಲಿಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ೩೭೨೬ ಮಂದಿ ಸಾಮಾನ್ಯ ಮಕ್ಕಳನ್ನು ಪರೀಕ್ಷಿಸಿ ೧೯೮೦ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ ೧೩೧ ಮಕ್ಕಳಲ್ಲಿ ಅಂಥ ಗುರುತುಗಳಿದ್ದವು. ವರ್ಷಗಟ್ಟಲೆ ಕಾದು ನೋಡಿದರೂ ಅವರಲ್ಲಿ ಬೆರಳೆಣಿಕೆಯಷ್ಟು ಮಕ್ಕಳಿಗೆ ಮಾತ್ರ ಮೂರ್ಛೆ ಬಂತು. ಇದಕ್ಕೆ ವಿರುದ್ಧವಾದದ್ದೂ ನಿಜ: ಮೂರ್ಛೆರೋಗವು ನಿಶ್ಚಯವಾಗಿ ಇರುವವರಲ್ಲಿಯೂ ಅರ್ಧ ಗಂಟೆಯ ಒಂದು ಪರೀಕ್ಷೆಯು ಸುಮಾರು ಅರ್ಧ ಮಂದಿಗೆ ಸರಿಯಾಗಿಯೇ ಬರುತ್ತದೆ. ಆದಕಾರಣ ಮೊನೆ ಕಂಡಿತೆಂದು ರೋಗವು ಬಂದೇಬರುವದೆಂದು ಹೇಳಲಾಗದು. ಕಾಣಲಿಲ್ಲವೆಂದು ಬರುವದಿಲ್ಲವೆಂದೂ ಹೇಳಲಾಗದು. ಮೊನೆಗಳಿರುವ ಸ್ವಲೀನ ಮಗುವಿಗೆ ಅಪಾಯ ಸ್ವಲ್ಪ ಹೆಚ್ಚೆಂಬದು ದಿಟ. ಆದರೆ ಇಂಥ ಮಗುವಿಗೆ ಇಂಥ ವರ್ಷದಲ್ಲಿ ಎಂದು ಹೇಳುವ ಶಕ್ತಿ ಆ ಗೆರೆಗಳಿಗಿಲ್ಲ.

ಈ ಕಾರಣದಿಂದಲೇ ಅಮೇರಿಕದ ನರರೋಗ ತಜ್ಞರ ಅಕಾಡೆಮಿಯು ೨೦೦೦ದಲ್ಲಿ ಕೊಟ್ಟ ಸಲಹೆಯಲ್ಲಿ, ಸ್ವಲೀನರಾದ ಎಲ್ಲ ಮಕ್ಕಳಿಗೂ ಇ.ಇ.ಜಿ. ಮಾಡಿಸುವದಕ್ಕೆ ಆಧಾರವಿಲ್ಲವೆಂದೂ, ಮೂರ್ಛೆಯ ಸಂಶಯವಿದ್ದರೆ ಅಥವಾ ಬಂದ ಮಾತು ಹಿಂದಕ್ಕೆ ಹೋಗಿದ್ದರೆ ಮಾಡಿಸತಕ್ಕದ್ದೆಂದೂ ಹೇಳಿತು. ಇಂದಿಗೂ ವೈದ್ಯರು ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತಾರೆ.

ಆದರೆ ಒಂದು ಜಾತಿಯ ಮಕ್ಕಳಲ್ಲಿ ಅಲೆಗಳು ನಿಜವಾಗಿಯೂ ಮುಂದಿನದನ್ನು ತಿಳಿಸುತ್ತವೆ. ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಹುಟ್ಟುರೋಗವೊಂದಿದೆ. ೧೮೮೦ರಲ್ಲಿ ಫ್ರಾನ್ಸಿನ ಬೂರ್ನ್‌ವಿಲ್ ಎಂಬ ವೈದ್ಯರು ಅದನ್ನು ಗುರುತಿಸಿದರು. ಅದರಲ್ಲಿ ಮಿದುಳಿನಲ್ಲಿಯೂ ಹೃದಯದಲ್ಲಿಯೂ ಸಣ್ಣ ಗಂಟುಗಳು ಬೆಳೆಯುತ್ತವೆ. ಚರ್ಮದ ಮೇಲೆ ಎಲೆಯಾಕಾರದ ಬಿಳಿಯ ಮಚ್ಚೆಗಳಿರುತ್ತವೆ. (ಒಂದೆರಡು ಬಿಳಿಯ ಮಚ್ಚೆ ಕಂಡಕೂಡಲೆ ಯಾರೂ ಹೆದರಬೇಕಾಗಿಲ್ಲ, ಅವು ಎಷ್ಟೋ ಮಕ್ಕಳಿಗೆ ಇರುತ್ತವೆ.) ಈ ರೋಗವಿರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಸ್ವಲೀನರಾಗುತ್ತಾರೆ, ನೂರಕ್ಕೆ ಎಂಭತ್ತಕ್ಕಿಂತ ಹೆಚ್ಚು ಮಂದಿಗೆ ಮೂರ್ಛೆ ಬರುತ್ತದೆ, ಬಹುಮಟ್ಟಿಗೆ ಮೊದಲ ವರ್ಷದಲ್ಲಿಯೇ. ಹೃದಯದ ಗಂಟುಗಳು ಬಸುರಿನಲ್ಲಿ ಮಾಡುವ ಸ್ಕ್ಯಾನಿಂಗಿನಲ್ಲಿ ಕಾಣುವದರಿಂದ ಕೂಸು ಹುಟ್ಟುವ ಮೊದಲೇ ರೋಗವು ಗೊತ್ತಾಗುವದುಂಟು. ಮೂರ್ಛೆ ಬರುವದಕ್ಕಿಂತ ಮುಂಚಿತವಾಗಿ ಆ ಕೂಸಿನ ಅಲೆಗಳನ್ನು ತಿಂಗಳು ತಿಂಗಳಿಗೆ ನೋಡುತ್ತ ಬರುವದಕ್ಕೆ ಇದರಿಂದ ಸಾಧ್ಯವಾಯಿತು.

ಪೋಲೆಂಡಿನ ವಾರ್ಸಾ ಪಟ್ಟಣದ ವೈದ್ಯರ ಮುಂದಾಳುತನದಲ್ಲಿ ಎಪಿಸ್ಟಾಪ್ ಎಂಬ ಹೆಸರಿನಿಂದ ಇಂಥದೊಂದು ದೊಡ್ಡ ಪರೀಕ್ಷೆ ನಡೆದು ೨೦೨೧ರಲ್ಲಿ ಪ್ರಕಟವಾಯಿತು. ಅಲೆಯಲ್ಲಿ ಮೊನೆಗಳು ತೋರಿದೊಡನೆಯೇ ಕೆಲವು ಕೂಸುಗಳಿಗೆ ವಿಗಾಬಾಟ್ರಿನ್ ಎಂಬ ಔಷಧವನ್ನು ಕೊಟ್ಟರು. ಇನ್ನು ಕೆಲವಕ್ಕೆ ಮೂರ್ಛೆ ಬಂದ ಮೇಲೆಯೇ ಕೊಟ್ಟರು. ಚೀಟಿ ಎತ್ತಿದ ಹಾಗೆ ವಿಂಗಡಿಸಿದ ಗುಂಪುಗಳಲ್ಲಿ, ಕಣ್ಣಿಗೆ ಕಾಣುವ ಮೊದಲ ಮೂರ್ಛೆಯು ಎರಡನೆಯ ಗುಂಪಿನವರಿಗೆ ೧೨೪ ದಿನಗಳಲ್ಲಿ ಬಂದರೆ ಮೊದಲು ಔಷಧ ಪಡೆದವರಿಗೆ ೩೬೪ ದಿನಗಳ ತನಕ ತಡವಾಯಿತು. ಕೂಸುಗಳ ಮೈ ಮುದುಡಿ ಮುದುಡಿ ಬರುವ ಕಠಿಣವಾದ ಸೆಳೆತಗಳೂ ತಪ್ಪಿದವು. ಇದು ಸಣ್ಣ ಮಾತಲ್ಲ. ಆದರೆ ಎರಡು ವರ್ಷ ತುಂಬಿದಾಗ ಸ್ವಲೀನತೆಯಲ್ಲಾಗಲಿ ಬುದ್ಧಿಯ ಬೆಳವಣಿಗೆಯಲ್ಲಾಗಲಿ ಸ್ಪಷ್ಟವಾದ ಭೇದವು ಕಾಣಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಅಮೇರಿಕದ ಇನ್ನೊಂದು ಪರೀಕ್ಷೆಯಲ್ಲಿಯೂ ಆ ಸೆಳೆತಗಳು ಕಡಿಮೆಯಾದವೇ ಹೊರತು ಬುದ್ಧಿಯ ಬೆಳವಣಿಗೆಗೆ ಲಾಭವು ತೋರಲಿಲ್ಲ. ಅದಲ್ಲದೆ ವಿಗಾಬಾಟ್ರಿನ್ನಿನಿಂದ ಕಣ್ಣಿನ ಅಂಚಿನ ದೃಷ್ಟಿಯು ಶಾಶ್ವತವಾಗಿ ಕುಂದುವ ಭಯವುಂಟು. ಕೊಂಡಾಡುತ್ತ ಪತ್ರಿಕೆಗಳು ಬರೆಯುವ ಹೊಸ ಶೋಧಗಳನ್ನು ಓದುವಾಗ ತಂದೆತಾಯಿಗಳು ಈ ಎರಡನೆಯ ಅರ್ಧವನ್ನೂ ಓದಬೇಕೆಂದು ನಮ್ಮ ಬಿನ್ನಹ.

ಮಾತು ಹಿಂದಕ್ಕೆ ಹೋಗುವದೆಂದೆವಷ್ಟೆ. ಅದರ ಕಾರಣವನ್ನೂ ಹೇಳಬೇಕು. ೧೯೫೭ರಲ್ಲಿ ಅಮೇರಿಕದ ಸೇಂಟ್ ಲೂಯಿಯಲ್ಲಿ ವೈದ್ಯರಾದ ವಿಲಿಯಂ ಲ್ಯಾಂಡೌ ಮತ್ತು ಕಿವುಡರ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರ್ಯಾಂಕ್ ಕ್ಲೆಫ್ನರ್ ಕೂಡಿ ಕೆಲವು ಮಕ್ಕಳ ವಿಷಯವನ್ನು ಬರೆದರು. ಚೆನ್ನಾಗಿ ಮಾತಾಡುತ್ತಿದ್ದ ಆ ಮಕ್ಕಳು ಕ್ರಮೇಣ ಮಾತು ಕಳಕೊಂಡು, ಕಿವುಡರಂತೆ ಆಗಿದ್ದರು. ಅವರ ಕಿವಿ ಸರಿಯಾಗಿತ್ತು, ಕೆಟ್ಟದ್ದು ಅಲೆಗಳು. ಈ ರೋಗದಲ್ಲಿ ಮಗು ಮಲಗಿದಾಗ ಮೊನೆಗಳು ಸಾಲುಸಾಲಾಗಿ ಏಳುತ್ತವೆ; ಕೆಲವರಿಗೆ ಹೊರಗೆ ಕಾಣುವ ಮೂರ್ಛೆಯು ಬರುವದೇ ಇಲ್ಲ. ಇದು ಅಪರೂಪದ ರೋಗ, ಸ್ವಲೀನತೆಯಿಂದ ಬೇರೆಯಾದದ್ದು. ಆದರೆ ಔಷಧದಿಂದ ಸಹಾಯವಾಗುವ ರೋಗವಾದ್ದರಿಂದ, ಮೂರು ನಾಲ್ಕು ವರ್ಷದ ಮೇಲೆ ಮಾತು ಕಳಕೊಂಡ ಮಗುವಿಗೆ ನಿದ್ರೆಯ ಇ.ಇ.ಜಿ.ಯನ್ನು ತಡಮಾಡದೆ ಮಾಡಿಸತಕ್ಕದ್ದು. ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ಶಾಲೆಯವರಾಗಿದ್ದರೆಂಬದು ನಮಗೆ ಸಂತೋಷದ ಸಂಗತಿ.

ಇನ್ನು ಹೆಣ್ಣುಮಕ್ಕಳ ತಂದೆತಾಯಿಗಳು ಬಾಯಿಬಿಟ್ಟು ಹೇಳದ ಭಯ. ಪರೀಕ್ಷೆಯ ಕಾಗದದಲ್ಲಿ ಏನಾದರೂ ಬಂದರೆ ಮನೆತನಕ್ಕೆ ಹೆಸರು ಬರುವದು, ಅವಳ ತಂಗಿಯರ ಸಂಬಂಧವೂ ತಪ್ಪುವದು ಎಂದು ಹೆದರಿ ಮುಚ್ಚಿಡುವವರುಂಟು. ಈ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ೧೯೭೬ರಲ್ಲಿ ಸೇರಿಸಿದ ಒಂದು ಮಾತಿನ ಪ್ರಕಾರ, ಮೇಲಿಂದ ಮೇಲೆ ಅಪಸ್ಮಾರ ಬರುತ್ತಿರುವದು ವಿವಾಹಕ್ಕೆ ಅಡ್ಡಿಯಾಗಿತ್ತು. ೧೯೯೯ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯಿದೆಯು ಬಿಟ್ಟದ್ದನ್ನು ನಮ್ಮ ಓಣಿಗಳು ಇನ್ನೂ ಬಿಟ್ಟಿಲ್ಲ. ಆದರೆ ಮೊನೆ ಕಾಣುವದು ರೋಗವಲ್ಲ. ಒಮ್ಮೆಯೂ ಮೂರ್ಛೆ ಬಾರದ ಹುಡುಗಿಯನ್ನು ಒಂದು ಕಾಗದದಿಂದ ರೋಗಿಯೆನ್ನುವ ಅಧಿಕಾರವು ಯಾರಿಗೂ ಇಲ್ಲ. ಹಾಗೆಯೇ ಮೂರ್ಛೆ ಬಾರದ ಮಗುವಿಗೆ ಕಾಗದದ ಮೊನೆಗಳನ್ನು ಅಳಿಸುವದಕ್ಕಾಗಿ ಔಷಧ ಕೊಟ್ಟರೆ ಮಾತೂ ನಡತೆಯೂ ಸುಧಾರಿಸುವದೆಂಬದು ಇದುವರೆಗೆ ಸಿದ್ಧವಾಗಿಲ್ಲ. ಮೂರ್ಛೆಯ ಔಷಧಗಳು ಸುಮ್ಮನೆ ಕೊಡತಕ್ಕವೂ ಅಲ್ಲ. ಅವುಗಳಲ್ಲಿ ಬಹಳ ಪ್ರಚಾರದಲ್ಲಿರುವ ವ್ಯಾಲ್ಪ್ರೊಯೇಟನ್ನು ಬಸುರಿನಲ್ಲಿ ತೆಗೆದುಕೊಂಡರೆ ಹುಟ್ಟುವ ಹತ್ತು ಕೂಸುಗಳಲ್ಲಿ ಒಂದಕ್ಕೆ ಅಂಗದೋಷವಿರುವದು. ಸ್ವಲೀನತೆಯ ಸಂಭವವೂ ಹೆಚ್ಚುವದು. ಬೆಳೆಯುವ ಹುಡುಗಿಗೆ ಅದನ್ನು ಬರೆದುಕೊಟ್ಟಾಗ ಮುಂದಿನ ಮಾತನ್ನು ವೈದ್ಯರೊಡನೆ ಮುಂಚಿತವಾಗಿ ಆಡಿರಿ. ಆದರೆ ಈಗ ತೆಗೆದುಕೊಳ್ಳುತ್ತಿರುವ ಔಷಧವನ್ನು ಯಾರೂ ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಹಾಗೆ ನಿಲ್ಲಿಸುವದು ಬಹು ಅಪಾಯಕರ.

ಯಾವಾಗ ಸಂಶಯಪಡಬೇಕು? ಸ್ವಲೀನ ಮಕ್ಕಳ ವಿಷಯದಲ್ಲಿ ಇದು ಸುಲಭವಲ್ಲ, ಯಾಕಂದರೆ ಕರೆದರೆ ತಿರುಗದಿರುವದೂ, ಒಂದೇ ಕಡೆ ನೋಡುತ್ತಿರುವದೂ, ಕೈ ಕುಣಿಸುವದೂ ಅವರ ಸ್ವಭಾವವೇ. ಹೆಸರು ಹಿಡಿದು ಕೂಗಿ ಪರೀಕ್ಷಿಸಿದರೆ ಏನೂ ತಿಳಿಯದು. ಮೆಲ್ಲಗೆ ಭುಜ ಮುಟ್ಟಿರಿ, ಅಥವಾ ಅದಕ್ಕೆ ಬಲು ಇಷ್ಟವಾದ ವಸ್ತುವನ್ನು ಕಣ್ಣ ಮುಂದೆ ತನ್ನಿರಿ. ತನ್ನ ಲೋಕದಲ್ಲಿ ಮುಳುಗಿದ ಮಗು ಅದಕ್ಕೆ ಹೊರಳುವದು. ಮೂರ್ಛೆಯಲ್ಲಿರುವ ಮಗು ಹೊರಳಲಾರದು. ಉಣ್ಣುತ್ತಿರುವಾಗ ಕೈ ತುತ್ತಿನೊಡನೆ ನಡುವೆಯೇ ನಿಂತು, ಕೆಲವು ಸೆಕೆಂಡುಗಳ ಮೇಲೆ ಏನೂ ಆಗದ ಹಾಗೆ ಬಾಯಿಗೆ ಹೋಗುವದು, ತುಟಿ ಚಪ್ಪರಿಸುವದು, ಒಂದೇ ಪಕ್ಕದ ಕೈ ಅದರುವದು, ರಾತ್ರಿ ವಿಚಿತ್ರವಾಗಿ ಕೂಗಿ ಎದ್ದು ಬೆಳಿಗ್ಗೆ ಹಾಸಿಗೆ ನೆನೆದಿರುವದು, ಕಲಿತದ್ದು ಒಮ್ಮೆಲೇ ಮರೆಯುವದು, ಇವನ್ನು ವೈದ್ಯರಿಗೆ ತಿಳಿಸತಕ್ಕದ್ದು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ. ಅಂಥ ಹೊತ್ತಿನಲ್ಲಿ ತೆಗೆದ ಅರ್ಧ ನಿಮಿಷದ ವೀಡಿಯೋ ವೈದ್ಯರಿಗೆ ಎಷ್ಟೋ ಸಲ ಇ.ಇ.ಜಿ.ಗಿಂತ ಹೆಚ್ಚು ಹೇಳುತ್ತದೆ. ತರಗತಿಯಲ್ಲಿ ಕಂಡದ್ದನ್ನು ದಿನಾಂಕದೊಡನೆ ಬರೆದಿಡುವಂತೆ ನಮ್ಮ ಉಪಾಧ್ಯಾಯಿನಿಯರಿಗೆ ಹೇಳಿದ್ದೇವೆ. ತಂದೆತಾಯಿಗಳು ಕೇಳಿದರೆ ಆ ಬರಹವನ್ನು ಕೊಡುತ್ತೇವೆ.

ದೊಡ್ಡ ಮೂರ್ಛೆಯೇ ಬಂದರೆ ಕಬ್ಬಿಣದ ಬೀಗದಕೈ ಹಿಡಿಸುವದು, ಈರುಳ್ಳಿ ಮೂಸಿಸುವದು, ಹಲ್ಲಿನ ನಡುವೆ ಚಮಚ ತುರುಕುವದು ಬೇಡ. ಮಗುವನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡುತ್ತಿರಿ. ಐದು ನಿಮಿಷ ಮೀರಿದರೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ವೈದ್ಯರು ಪರೀಕ್ಷೆಯನ್ನು ಬರೆದುಕೊಟ್ಟ ಮೇಲೆ ಮಾಡಬೇಕಾದ ಸಿದ್ಧತೆಯೂ ಸ್ವಲ್ಪ ಇದೆ. ಇದರಲ್ಲಿ ಮೈಯೊಳಗೆ ವಿದ್ಯುತ್ತನ್ನು ಬಿಡುವದಿಲ್ಲ, ಚುಚ್ಚುವದಿಲ್ಲ. ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತುಗಳಷ್ಟು ಮಾತ್ರ ಇರುವ ಮಿದುಳಿನ ವಿದ್ಯುತ್ತನ್ನು ಯಂತ್ರವು ದೊಡ್ಡದು ಮಾಡಿ ಬರೆದುಕೊಳ್ಳುವದಷ್ಟೆ. ಇಪ್ಪತ್ತರಷ್ಟು ಸಣ್ಣ ಬಿಲ್ಲೆಗಳನ್ನು ಅಂಟಿನಿಂದ ತಲೆಗೆ ಹಚ್ಚುತ್ತಾರೆ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಕರಕೊಂಡು ಹೋಗಬೇಕು. ಎಣ್ಣೆಯಿದ್ದರೆ ಬಿಲ್ಲೆ ಹಿಡಿಯದು. ನಿದ್ರೆಯಲ್ಲಿ ಬರೆದುಕೊಳ್ಳಬೇಕಾದ್ದರಿಂದ ರಾತ್ರಿ ತಡವಾಗಿ ಮಲಗಿಸಿ ಬೇಗನೆ ಎಬ್ಬಿಸಲು ಹೇಳುವರು. ಪ್ರಯಾಣದಲ್ಲಿ ಮಗು ಮಲಗಿಬಿಡದ ಹಾಗೆ ಒಬ್ಬರು ಜೊತೆಗಿರಬೇಕು. ತಲೆ ಮುಟ್ಟಿದರೆ ಸಹಿಸದ ಮಗುವಿಗೆ ಒಂದು ವಾರ ಮುಂಚಿನಿಂದಲೇ ದಿನಾಲೂ ಅದೇ ಹೊತ್ತಿಗೆ ಒದ್ದೆ ಹತ್ತಿಯನ್ನು ನೆತ್ತಿಯ ಅಲ್ಲಲ್ಲಿ ಒತ್ತಿ, ಬಿಗಿಯಾದ ಟೊಪ್ಪಿಗೆ ಹಾಕಿ, ಆಟದ ಹಾಗೆ ರೂಢಿಮಾಡಿಸಿರಿ; ಅದು ಬಿಡದೆ ಹಿಡಿದಿರುವ ಗೊಂಬೆಗೂ ಮೊದಲು ಹಾಗೆಯೇ ಮಾಡಿ ತೋರಿಸಿರಿ. ಆ ಗೊಂಬೆಯನ್ನು ಪರೀಕ್ಷೆಯ ಕೋಣೆಗೂ ಒಯ್ಯಿರಿ. ತೆಗೆದ ವೀಡಿಯೋ, ದಿನಾಂಕ ಬರೆದ ಚೀಟಿ, ಹಿಂದಿನ ಔಷಧಗಳ ಹೆಸರು ನಿಮ್ಮ ಚೀಲದಲ್ಲಿರಲಿ.